ನೆಟಲ್ ಕಲಿತದ್ದು

ಸ್ಕೆಲ್ಬೆಕ್ ಸೇತುವೆ
12 ಜನವರಿ 1986

ಪ್ರೀತಿಯ ಕೋರಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ ನಗಬೇಡ. ಹೋದ ವಾರ ದೋಣಿಗಳನ್ನು ಏರಿಸಿ ಇಳಿಸುವ ಲಾಕಿನ ಗೇಟಿನಲ್ಲಿ ನೀರು ಬಿಡುವಾಗ ಕಬ್ಬಿಣದ ಹಿಡಿಕೆ ಕೈಜಾರಿ, ಗರಗರ ಹಿಂದಕ್ಕೆ ತಿರುಗಿ ಬಲ ಮುಂಗೈಗೆ ಬಡಿಯಿತು. ಮೂಳೆ ಮುರಿದಿದೆ. ಅರ್ಧ ಆಯುಷ್ಯ ಈ ಕಾಲುವೆಯಲ್ಲಿ, ದೋಣಿಯಲ್ಲೇ ಒಂಟಿಯಾಗಿ ಬದುಕಿದವಳು, ಹೊಸಬರಿಗೆಲ್ಲ "ಹಿಡಿಕೆ ಬಿಟ್ರೆ ಕೈ ಹೋಗುತ್ತೆ" ಅಂತ ಗದರಿಸುವವಳು, ನಾನೇ ಹೀಗೆ ಮಾಡಿಕೊಂಡೆ. ಪಕ್ಕದ ದೋಣಿಯ ಥ್ವೇಟ್ ಅವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಂದು ಮಾತು ಬೈಯಲಿಲ್ಲ ಪುಣ್ಯಾತ್ಮ. ಬೈದಿದ್ದರೆ ನೋವು ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ವಿಷಯಕ್ಕೆ ಬರುತ್ತೇನೆ. ಒಂದೇ ಕೈಯಲ್ಲಿ ಒಲೆಗೆ ಕಲ್ಲಿದ್ದಲು ಹಾಕಬಹುದು, ಚಹಾ ಮಾಡಬಹುದು. ಮಂಜುಗಟ್ಟಿದ ದಂಡೆಯ ಮೇಲೆ ನಾಯಿಯನ್ನು, ನಮ್ಮ ನೆಟಲ್‌ಳನ್ನು, ಹಿಡಿದುಕೊಂಡು ಓಡಾಡುವುದು ಮಾತ್ರ ಆಗದ ಮಾತು. ಪ್ಲಾಸ್ಟರ್ ಬಿಚ್ಚುವ ತನಕ ಅವಳನ್ನು ನೀನು ಇಟ್ಟುಕೊಳ್ಳುತ್ತೀಯಾ? ನಿನ್ನ ಆ ಲೆನ್ ಹತ್ತಿರ ವ್ಯಾನ್ ಇದೆಯಲ್ಲ, ಬಂದು ಕರೆದುಕೊಂಡು ಹೋಗಲಿ. ಮನುಷ್ಯ ಹೇಗಿದ್ದಾನೆ ಅಂತ ನನಗೂ ನೋಡಿದ ಹಾಗಾಯಿತು.

ಒಂದೇ ಒಂದು ಮಾತು ಚೆನ್ನಾಗಿ ಕೇಳಿಸಿಕೋ. ನೆಟಲ್‌ಳ ತಾಯಿ ಮೊಲ ಹಿಡಿಯುವ ತಳಿ. ಅಟ್ಟಿಸಿಕೊಂಡು ಹೋಗುವುದು ಅವಳ ರಕ್ತದಲ್ಲೇ ಇದೆ. ಅದನ್ನು ಮಲಗಿಸುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಈಗ ಹಕ್ಕಿ ಕಂಡರೆ ಕೂರುತ್ತಾಳೆ, ನನ್ನ ಮುಖ ನೋಡುತ್ತಾಳೆ. ನೀರುಕೋಳಿ ಮರಿಗಳನ್ನು ಕಟ್ಟಿಕೊಂಡು ಅವಳ ಮೂಗಿನ ಮುಂದೆಯೇ ಹಾದುಹೋದರೂ ಅಲ್ಲಾಡುವುದಿಲ್ಲ. ಆದರೆ ಅದು ಸತ್ತಿಲ್ಲ, ಮಲಗಿದೆ ಅಷ್ಟೆ. ಒಂದು ಸಲ ಬಿಟ್ಟು ಓಡಿಸಿ ಬಾಯಿಗೆ ರುಚಿ ಹತ್ತಿತೋ, ಮುಗಿಯಿತು. ನಿಮ್ಮ ಲೀಡ್ಸ್ ಕಾಲುವೆಯ ದಂಡೆಯಲ್ಲೂ ಬಾತುಗಳಿವೆ. ಕುತ್ತಿಗೆಯ ಹಗ್ಗ ಬಿಚ್ಚಲೇಬೇಡ. ಅವಳು ಬೇಸರದಲ್ಲಿ ನರಳಿದರೂ ಸರಿ.

ಮಂಚದ ಮೇಲೆ ಮಲಗಿಸಿಕೊಳ್ಳಬೇಡ ಅಂತ ಹೇಳಬೇಕು. ಹೇಳಿದರೂ ನೀನು ಕೇಳುವವಳಲ್ಲ.

ಇಂತಿ ನಿನ್ನ ಪ್ರೀತಿಯ ಅಕ್ಕ,
ಆಗ್ನೆಸ್


ಲೀಡ್ಸ್
9 ಫೆಬ್ರವರಿ 1986

ಅಕ್ಕಾ,

ಕೈ ಹೇಗಿದೆ? ಒಳಗೆ ತುರಿಕೆ ಬಂದ್ರೆ ಹೆಣಿಗೆ ಕಡ್ಡಿ ತೂರಿಸ್ಬೇಡ, ನಿನ್ನ ಬುದ್ಧಿ ನಂಗೊತ್ತು.

ನೆಟಲ್ ರಾಣಿ ಹಾಗಿದ್ದಾಳೆ. ಮೊದಲ ಎರಡು ದಿನ ಬಾಗಿಲ ಹತ್ತಿರಾನೇ ಮಲ್ಕೊಂಡು ನಿಟ್ಟುಸಿರು ಬಿಡ್ತಿದ್ಲು, ಥೇಟ್ ನಮ್ಮಮ್ಮನ ಥರ. ಈಗ ಲೆನ್ ಬೂಟು ಹಾಕ್ಕೊಳ್ಳೋ ಸದ್ದು ಕೇಳಿದ್ರೆ ಸಾಕು, ಎದ್ದು ಕುಣೀತಾಳೆ. ನಾನು ಬಸ್ ಡಿಪೋ ಕ್ಯಾಂಟೀನಿಗೆ ಬೆಳಿಗ್ಗೆ ಬೇಗ ಹೋಗ್ಬೇಕಲ್ಲ, ಅದಕ್ಕೆ ಅವನೇ ತಿರುಗಾಡಿಸ್ಕೊಂಡ್ ಬರ್ತಾನೆ. ಭಾನುವಾರ ಅವನ ಸ್ನೇಹಿತರು, ಅವರ ನಾಯಿಗಳು ಎಲ್ಲ ಸೇರ್ಕೊಂಡು ವ್ಯಾನಲ್ಲಿ ಹೊಲದ ಕಡೆ ಹೋಗ್ತಾರೆ. ನಾಯೀನ ಇಷ್ಟು ಹಚ್ಚಿಕೊಳ್ಳೋ ಗಂಡಸನ್ನ ನಾನು ನೋಡೇ ಇಲ್ಲ. "ಇವಳ ಕಾಲು ನೋಡೇ ಕೋರಾ, ಗಾಳಿ ಕಣೇ ಇದು" ಅಂತಾನೆ. ನನ್ನ ಕಾಲು ನೋಡಿ ಒಂದು ದಿನಾನೂ ಹೇಳಿದ್ದಿಲ್ಲ.

ಮೊನ್ನೆ ತೊಯ್ದು ತೊಪ್ಪೆಯಾಗಿ ಬಂದ್ಲು. ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಒಲೆ ಮುಂದೆ ಕೂರಿಸ್ದೆ. ಏನೂ ಯೋಚನೆ ಮಾಡ್ಬೇಡ. ತೂಕಾನೂ ಬಂದಿದೆ. ಅವಳಿಗೆ ಹಂದಿಮಾಂಸದ ಚಾಪ್ ಹಾಕ್ತೀನಿ, ಬೈಬೇಡ.

ಅಕ್ಕಾ, ನಂಗೆ ಮೂವತ್ತಾರು ಆಯ್ತು. ಸಂಜೆ ಕೆಲಸ ಮುಗಿಸಿ ಬಂದ್ರೆ ಮನೇಲಿ ದೀಪ ಹತ್ತಿರೋದು ಎಷ್ಟು ಚೆನ್ನಾಗಿರುತ್ತೆ ಗೊತ್ತಾ?

ನಿನ್ನ ತಂಗಿ,
ಕೋರಾ


ಸ್ಕೆಲ್ಬೆಕ್ ಸೇತುವೆ
2 ಮಾರ್ಚ್ 1986

ಪ್ರೀತಿಯ ಕೋರಾ,

ದೀಪದ ಮಾತು ಓದಿ ಸಂತೋಷವಾಯಿತು. ನಿಜವಾಗಿ. ನನಗೆ ಆ ಪುಣ್ಯ ಬರಲಿಲ್ಲ, ನಿನಗಾದರೂ ಬರಲಿ. ಲೆನ್ ಇಲ್ಲಿಗೆ ಬಂದಾಗ ದೋಣಿಯ ಮಾಡಿಗೆ ತಲೆ ತಗುಲಿಸಿಕೊಂಡು, ಬೈದುಕೊಳ್ಳದೆ ನಕ್ಕ. ಅಷ್ಟು ಸಾಕು ನನಗೆ ಒಪ್ಪಿಗೆಯಾಗುವುದಕ್ಕೆ.

ಆದರೆ ನೆಟಲ್ ತೊಯ್ದದ್ದು ಯಾಕೆ? ಅವಳಿಗೆ ನೀರು ಕಂಡರೆ ಆಗದು. ದೋಣಿಯ ಅಂಚಿನಲ್ಲಿ ಕೂಡ ಬೆಕ್ಕಿನ ಹಾಗೆ ಹೆಜ್ಜೆ ಇಡುವವಳು. ತಾನಾಗಿ ನೀರಿಗಿಳಿದಿದ್ದರೆ ಏನನ್ನೋ ಅಟ್ಟಿಸಿಕೊಂಡು ಹೋಗಿ ಇಳಿದಿರಬೇಕು. ಹಗ್ಗ ಬಿಚ್ಚಿದ್ದರಾ? ಹೊಲದಲ್ಲಿ ಆ ಸ್ನೇಹಿತರ ನಾಯಿಗಳು ಏನು ಮಾಡುತ್ತವೆ? ಕೋಪ ಮಾಡಿಕೊಳ್ಳುವುದಿಲ್ಲ ಕಣೇ, ನಡೆದದ್ದು ಹೇಳು. ತಪ್ಪಿದ್ದರೆ ಮತ್ತೆ ಮೊದಲಿನಿಂದ ಕಲಿಸುತ್ತೇನೆ. ಗೊತ್ತಿಲ್ಲದೆ ಇರುವುದೇ ಅಪಾಯ.

ಯಾಕೆ ಇಷ್ಟು ಕೇಳುತ್ತೇನೆ ಅಂದರೆ, ಸೇತುವೆಯ ಕೆಳಗೆ ಜೊಂಡಿನಲ್ಲಿ ಹಂಸಗಳು ಗೂಡು ಕಟ್ಟಲು ಶುರು ಮಾಡಿವೆ. ದಂಡೆಯ ಹಾದಿಯಿಂದ ನಾಲ್ಕು ಹೆಜ್ಜೆ ಕೂಡ ದೂರವಿಲ್ಲ. ಥ್ವೇಟ್ ಅವರ ಹೆಂಡತಿ ಎಡಿತ್ ಬದುಕಿದ್ದಾಗ ಈ ಜೋಡಿಗೆ ಕಿಟಕಿಯಿಂದಲೇ ಕೋಸಿನೆಲೆ ಹಾಕುತ್ತಿದ್ದಳು. ಈಗ ಮುದುಕ ಹಾಕುತ್ತಾರೆ. ಹಾಕುತ್ತಾ ಅವುಗಳ ಜೊತೆ ಮಾತಾಡುವುದು ನನಗೆ ಗೋಡೆಯಾಚೆಯಿಂದ ಕೇಳಿಸುತ್ತದೆ. "ಏನಮ್ಮಾ, ಇವತ್ತು ಯಜಮಾನರು ಕಾಣ್ತಿಲ್ಲ?" ಅಂತೆಲ್ಲ. ಹಂಸದ ಜೊತೆ ಮಾತಾಡುತ್ತಾರೋ ಎಡಿತ್ ಜೊತೆಯೋ, ನಾನು ಕೇಳಲು ಹೋಗಿಲ್ಲ.

"ನಾಯಿಗೆ ಹಗ್ಗ ಹಾಕಿ, ಗೂಡಿದೆ" ಅಂತ ಈ ವರ್ಷವೂ ಹಲಗೆ ಬರೆದು ನಿಲ್ಲಿಸಿದ್ದೇನೆ. ಎಡಗೈ ಬರಹ. ದಂಡೆಯ ಮೇಲೆ ಓಡಾಡುವವರೆಲ್ಲ ನನ್ನನ್ನು "ಪೊಲೀಸಮ್ಮ" ಅನ್ನುತ್ತಾರಂತೆ. ಅನ್ನಲಿ.

ಉತ್ತರ ಬರೆ. ಬೇಗ.

ನಿನ್ನ ಅಕ್ಕ,
ಆಗ್ನೆಸ್


ಲೀಡ್ಸ್
11 ಮಾರ್ಚ್ 1986

ಅಕ್ಕಾ,

ಅಯ್ಯೋ, ಏನೂ ಆಗಿಲ್ಲ ಮಾರಾಯ್ತಿ. ಲೆನ್ ಕೋಲು ಎಸೆದ, ಅದು ನೀರಿಗೆ ಬಿತ್ತು, ಇವಳೂ ಬಿದ್ಲು. ಅಷ್ಟೆ. ಹೊಲದಲ್ಲಿ ಸುಮ್ನೆ ಓಡಾಡ್ತಾವೆ. ನೀನು ಎಲ್ಲದಕ್ಕೂ ಪೊಲೀಸಮ್ಮ ಆಗ್ಬೇಡ. ನಿನ್ನಾಣೆ, ನೆಟಲ್ ಇಲ್ಲಿಗೆ ಬಂದಾಗ ಹೇಗಿದ್ಲೋ ಹಾಗೇ ಇದ್ದಾಳೆ.

ತಿಂಗಳ ಕೊನೆ ಭಾನುವಾರ ಲೆನ್ ತಂದು ಬಿಡ್ತಾನೆ.

ಒಂದು ಸುದ್ದಿ. ಜೂನ್‌ನಲ್ಲಿ ಮದ್ವೆ ಆಗೋಣ ಅಂದ. ಅಕ್ಕಾ! ಮೊದ್ಲು ನಿಂಗೇ ಹೇಳ್ತಿರೋದು.

ನಿನ್ನ ಪುಟ್ಟ
ಕೋರಾ


ಸ್ಕೆಲ್ಬೆಕ್ ಸೇತುವೆ
20 ಏಪ್ರಿಲ್ 1986

ಕೋರಾ,

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ಸಲ ಲೇಖನಿ ಕೆಳಗಿಟ್ಟೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೆಟಲ್ ಹಂಸವನ್ನು ಕೊಂದಳು.

ಗುರುವಾರ ಬೆಳಿಗ್ಗೆ. ಹಗ್ಗ ಹಾಕಿದ್ದೆ, ಬಲಗೈಗೆ ಸುತ್ತಿಕೊಂಡಿದ್ದೆ. ಪ್ಲಾಸ್ಟರ್ ಬಿಚ್ಚಿದ ಕೈ, ಇನ್ನೂ ಕೋಲಿನ ಹಾಗೆ ಸಣಕಲಾಗಿದೆ. ಆದರೆ ನೆಟಲ್‌ಳನ್ನು ಹಿಡಿಯುವುದಕ್ಕೆ ನನಗೆ ಯಾವತ್ತೂ ಬಲ ಬೇಕಾಗಿರಲಿಲ್ಲ. ಹಗ್ಗ ಇರುತ್ತಿದ್ದದ್ದು ನಾಲ್ಕು ಜನರಿಗೆ ಮಾದರಿಯಾಗಲಿ ಅಂತ. ಸೇತುವೆಯ ಕೆಳಗೆ ಬಂದೆವು. ಹೆಣ್ಣು ಹಂಸ ಮೊಟ್ಟೆಗಳ ಮೇಲೆ ಕೂತಿತ್ತು, ನಮ್ಮನ್ನು ಕಂಡು ಕತ್ತೆತ್ತಿತು. ಕೂರು ಅಂದೆ. ನೆಟಲ್ ನನ್ನ ಮುಖ ನೋಡಲಿಲ್ಲ. ಅವಳ ಬೆನ್ನು ನಡುಗುತ್ತಿತ್ತು. ಮರುಗಳಿಗೆ ಹಗ್ಗ ಕೈಯಿಂದ ಕಿತ್ತುಕೊಂಡು ಹೋಯಿತು.

ಬೊಗಳಲಿಲ್ಲ. ಸೀದಾ ಹೋಗಿ ಕತ್ತಿಗೆ ಬಾಯಿ ಹಾಕಿದಳು, ಆ ಕೆಲಸ ತನಗೆ ಗೊತ್ತಿದೆ ಅನ್ನುವ ಹಾಗೆ. ನಾನು ಸೊಂಟದ ತನಕ ನೀರಿಗಿಳಿದು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಂಡು ಹಂಸ ದೂರದಿಂದ ನೀರು ಬಡಿಯುತ್ತಾ ಬಂತು. ಬಂದು ಏನು ಮಾಡಬೇಕು ಅಂತ ತಿಳಿಯದೆ ಸುತ್ತು ಹಾಕುತ್ತಲೇ ಇತ್ತು. ಇವತ್ತಿಗೂ ಹಾಕುತ್ತಿದೆ.

ಥ್ವೇಟ್ ಅವರು ನಿಲುವಂಗಿಯಲ್ಲೇ ಓಡಿ ಬಂದರು. ಗೂಡಿನ ಮೇಲೆ ಗೋಣಿ ಹೊದಿಸಿದರು, ಮೊಟ್ಟೆ ಬೆಚ್ಚಗಿರಲಿ ಅಂತ. ಗಂಡು ಕೂತೀತು ಅಂತ ಸಂಜೆಯ ತನಕ ಕಾದರು. ಅದು ಕೂರಲಿಲ್ಲ. ನಾನು ಹತ್ತಿರ ಹೋಗಿ "ಥ್ವೇಟ್..." ಅಂದೆ. "ಒಳಗೆ ಹೋಗಿ ಬಟ್ಟೆ ಬದಲಾಯಿಸ್ಕೊಳ್ಳಮ್ಮಾ, ನೆಗಡಿಯಾಗುತ್ತೆ" ಅಂದರು. ಅವತ್ತಿನಿಂದ ಮಾತಿಲ್ಲ.

ಮಾರನೆಯ ದಿನ ಯಾರೋ ನನ್ನ ಹಲಗೆಯನ್ನು ಕಿತ್ತು ತಂದು ನನ್ನ ದೋಣಿಯ ಬಾಗಿಲಿಗೇ ಒರಗಿಸಿ ಹೋಗಿದ್ದರು.

ನಾನೇನು ತಪ್ಪು ಮಾಡಿದೆ ಅಂತ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಕೈಯ ದೋಷವಾ? ಇಷ್ಟು ವಾರ ಅವಳಿಂದ ದೂರ ಇದ್ದದ್ದಕ್ಕಾ? ನಾನು ಕಲಿಸಿದ್ದೇ ಸುಳ್ಳಾ? ಕೋರಾ, ನಿನ್ನ ಹತ್ತಿರ ಇದ್ದಾಗ ಏನಾದರೂ, ಎಷ್ಟೇ ಚಿಕ್ಕದಾದರೂ, ನಡೆದಿತ್ತಾ? ನಿನ್ನೆ ಅವಳನ್ನು ಕರೆದುಕೊಂಡು ನಾಯಿ ಡಾಕ್ಟರ ಬಾಗಿಲ ತನಕ ಹೋಗಿದ್ದೆ, ಸೂಜಿ ಕೊಡಿಸಿ ಅವಳ ಕಥೆ ಮುಗಿಸಿಬಿಡೋಣ ಅಂತ. ಬೆಂಚಿನ ಮೇಲೆ ಕೂತು ತಲೆಯನ್ನು ನನ್ನ ತೊಡೆಯ ಮೇಲಿಟ್ಟಳು. ಎದ್ದು ಬಂದೆ. ನಾಳೆ ಮತ್ತೆ ಹೋಗುತ್ತೇನೋ ಏನೋ.

ಅಕ್ಕ


ಲೀಡ್ಸ್
23 ಏಪ್ರಿಲ್ 1986

ನನ್ನ ಮುದ್ದು ಅಕ್ಕಾ,

ಓದ್ತಾ ಓದ್ತಾ ಅತ್ತುಬಿಟ್ಟೆ. ದಯವಿಟ್ಟು ನಿನ್ನನ್ನ ನೀನೇ ಹಳಿದುಕೊಳ್ಬೇಡ. ನಿನ್ನದೇನೂ ತಪ್ಪಿಲ್ಲ, ಪಾಪ ಆ ಕೈಯದ್ದೂ ತಪ್ಪಿಲ್ಲ. ನಾಯಿ ನಾಯೀನೇ ಅಲ್ವಾ? ನೀನೇ ಹೇಳ್ತಿದ್ದೆ, ರಕ್ತದಲ್ಲಿದೆ ಅಂತ. ಒಂದು ದಿನ ಅದು ಎದ್ದೇ ಏಳುತ್ತೆ. ಯಾರೂ ಏನೂ ಮಾಡೋಕಾಗ್ತಿರ್ಲಿಲ್ಲ. ಇಲ್ಲಿ ಏನೂ ನಡೀಲಿಲ್ಲ ಅಕ್ಕಾ, ಕುರಿಮರಿ ಹಾಗಿದ್ಲು.

ಸೂಜಿ ಮಾತ್ರ ಕೊಡಿಸ್ಬೇಡ. ಲೆನ್ ಹತ್ತಿರ ಮಾತಾಡ್ದೆ. ಅವಳನ್ನ ನಾವೇ ಇಟ್ಕೊಳ್ತೀವಿ ಅಂತಾನೆ. ನಿನ್ನ ಕಣ್ಣೆದುರಿಗೆ ಇರೋದು ಬೇಡ, ಆ ಮುದುಕರ ಕಣ್ಣೆದುರಿಗೂ ಬೇಡ. ಹಂಸ ಇಲ್ಲದ ಕಡೆ ಅವಳ ಪಾಡಿಗೆ ಅವಳು ಬದುಕಿಕೊಳ್ಳಲಿ. ಹೂಂ ಅನ್ನು, ಭಾನುವಾರಾನೇ ಬರ್ತಾನೆ.

ನಿನ್ನನ್ನ ತುಂಬಾ ಪ್ರೀತಿಸೋ
ಕೋರಾ


ಸ್ಕೆಲ್ಬೆಕ್ ಸೇತುವೆ
4 ಮೇ 1986

ಪ್ರೀತಿಯ ಕೋರಾ,

ನೆಟಲ್ ಅಲ್ಲಿಗೆ ಬಂದು ತಲುಪಿ ವಾರವಾಯಿತು. ಊಟ ಮಾಡುತ್ತಿದ್ದಾಳಾ?

ನಿನ್ನ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ. ನಗಬೇಡ. ಈ ಊರಲ್ಲಿ ನನಗೆ "ನಿನ್ನ ತಪ್ಪಿಲ್ಲ" ಅಂದವರು ಯಾರೂ ಇಲ್ಲ, ಕಲ್ಲಿದ್ದಲಿನ ಚೀಲ ಹೊತ್ತ ಹಾಗೆ ಭಾರವಾಗಿತ್ತು ಎದೆ. ಲೆನ್‌ಗೂ ಹೇಳು, ಅವನ ಉಪಕಾರ ಮರೆಯುವುದಿಲ್ಲ. ವ್ಯಾನು ಹತ್ತುವಾಗ ನೆಟಲ್ ನನ್ನ ಕಡೆ ತಿರುಗಿ ನೋಡಲಿಲ್ಲ. ಅವನ ಸೀಟಿಗೆ ಹಾರಿದಳು. ಹೊಟ್ಟೆಕಿಚ್ಚಾಯಿತು, ಆಮೇಲೆ ಸಮಾಧಾನವೂ ಆಯಿತು.

ಗಂಡು ಹಂಸ ಕೊನೆಗೂ ಎಲ್ಲೋ ಹೊರಟುಹೋಯಿತು. ಥ್ವೇಟ್ ಅವರು ಈಗಲೂ ಬೆಳಿಗ್ಗೆ ಕಿಟಕಿ ತೆರೆಯುತ್ತಾರೆ. ಒಂದು ಗಳಿಗೆ ನಿಂತು ಮುಚ್ಚುತ್ತಾರೆ.

ಮದುವೆಗೆ ನೀಲಿ ಉಡುಪು ಹೊಲಿಸುತ್ತಿದ್ದೇನೆ. ದೋಣಿಯವಳ ಹಾಗೆ ಕಾಣಿಸಬಾರದು ಅಂತ ಟೋಪಿಯನ್ನೂ ಕೊಂಡೆ.

ನಿನ್ನ ಅಕ್ಕ,
ಆಗ್ನೆಸ್


ಸ್ಕೆಲ್ಬೆಕ್ ಸೇತುವೆ
23 ಜೂನ್ 1986

ಕೋರಾ,

ನೆಟಲ್ ನನ್ನ ಹತ್ತಿರ ಇದ್ದಾಳೆ. ಕಳುವಾಗಿದೆ ಅಂತ ಹುಡುಕುತ್ತಿದ್ದರೆ ನಿಲ್ಲಿಸಿ.

ಮದುವೆಯಲ್ಲಿ ಕೇಕ್ ಕತ್ತರಿಸುವ ಮೊದಲೇ ನಾನು ಯಾಕೆ ಎದ್ದು ಹೋದೆ ಅಂತ ನಿನಗೆ ಗೊತ್ತಿದೆ, ಆದರೂ ಬರೆಯುತ್ತೇನೆ. ನಿನ್ನ ಗಂಡನ ಸ್ನೇಹಿತ ಸ್ಪೆನ್ಸ್ ನನ್ನ ಪಕ್ಕದ ಕುರ್ಚಿಗೆ ಬಂದು ಕೂತ. ಒಳ್ಳೆಯ ಮನುಷ್ಯ, ಸ್ವಲ್ಪ ಕುಡಿದಿದ್ದ, ನನಗೆ ಬೇಸರವಾಗಬಾರದು ಅಂತ ಮಾತಾಡಿಸಿದ. "ಏನ್ ನಾಯಿ ರೀ ನಿಮ್ದು! ಮೊದಮೊದಲು ಬಾತುಕೋಳಿ ಕಂಡ್ರೆ ಸ್ಕೂಲ್ ಹುಡುಗಿ ಥರ ಕೈಕಟ್ಟಿ ಕೂತ್ಕೊಳ್ತಿತ್ತು. ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ. ಲೆನ್ ಬಿಟ್ಟನಾ? ರೆಕ್ಕೆ ಮುರಿದ ಬಾತು ಹಿಡ್ಕೊಂಡ್ಬಂದು ಅದರ ಬಾಯಿಗೇ ತುರುಕಿ ತುರುಕಿ ಆ ಚಾಳಿ ಬಿಡಿಸ್ದ. ಮಾರ್ಚ್ ಹೊತ್ತಿಗೆ ಕಾಲುವೇಲಿ ಹೆಬ್ಬಾತು ಕಂಡ್ರೆ ಬಾಣ ಬಿಟ್ಟಂಗೆ!"

ನಾನು ಕೇಳಿದೆ, "ಕೋರಾಗೆ ಗೊತ್ತಿತ್ತಾ?"

ಅವನು ನಕ್ಕ. "ಗೊತ್ತಿಲ್ದೆ ಏನ್ರೀ? ಬಿಸಿನೀರು ಕಾಯಿಸ್ಕೊಂಡು ಬಾಗಿಲಲ್ಲೇ ನಿಂತಿರೋಳು. ಬಾಯಿ ರಕ್ತ ತೊಳೆಯೋಕೆ. ನಮ್ಮಕ್ಕಂಗೆ ಗೊತ್ತಾದ್ರೆ ನನ್ನ ತಿಂದುಬಿಡ್ತಾಳೆ ಅಂತ ನಮ್ಮೆಲ್ಲರ ಹತ್ರ ಆಣೆ ಹಾಕಿಸ್ಕೊಂಡಿದ್ಲು." ಅಷ್ಟು ಹೇಳಿದ ಮೇಲೆ ಆ ಅಕ್ಕ ನಾನೇ ಅನ್ನುವುದು ಅವನಿಗೆ ಹೊಳೆಯಿತು. ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ನೀನು ಮೇಜಿನ ಆ ತುದಿಯಿಂದ ನನ್ನನ್ನೇ ನೋಡುತ್ತಿದ್ದೆ. ನಗು ಮುಖದ ಮೇಲೆ ಇತ್ತು, ಕಣ್ಣಲ್ಲಿ ಇರಲಿಲ್ಲ. ನಿನ್ನ ಮದುವೆಯ ದಿನ ಜನರ ಮುಂದೆ ಬಾಯಿ ತೆರೆಯಬಾರದು ಅಂತ ಎದ್ದೆ. ಹಿತ್ತಲ ಬಾಗಿಲಿಗೆ ಹೋದರೆ ನೆಟಲ್ ಬಿಯರ್ ಪೀಪಾಯಿಗಳ ಮಧ್ಯೆ ಕಟ್ಟಿಹಾಕಿಸಿಕೊಂಡು ನಿಂತಿದ್ದಳು, ಕುತ್ತಿಗೆಗೆ ಬಿಳಿ ರಿಬ್ಬನ್. ಬಿಚ್ಚಿಕೊಂಡು ಬಂದೆ. ರೈಲಿನಲ್ಲಿ ಒಬ್ಬಾಕೆ "ಅಯ್ಯೋ ಎಷ್ಟು ಮುದ್ದಾಗಿದೆ, ಮದ್ವೆಗೆ ಹೋಗಿತ್ತಾ?" ಅಂದಳು. ಹೌದು ಅಂದೆ.

ಆಗ್ನೆಸ್


ಲೀಡ್ಸ್
1 ಜುಲೈ 1986

ಆಗ್ನೆಸ್,

ನನ್ನ ಮದ್ವೆ ದಿನ. ಒಂದೇ ದಿನ ಇತ್ತು ನಂಗೆ, ಅದನ್ನೂ ನೀನು ಬಿಡ್ಲಿಲ್ಲ. ಎಲ್ಲರೂ ಕೇಳ್ತಿದ್ರು, ಅಕ್ಕ ಎಲ್ಲಿ, ಅಕ್ಕ ಎಲ್ಲಿ ಅಂತ. ತಲೆನೋವು ಅಂದೆ. ಆಮೇಲೆ ನಾಯಿ ಇಲ್ಲ ಅಂತ ಲೆನ್ ಎಲ್ಲರ ಮುಂದೆ ಕೂಗಾಡಿದ. ಅದು ಅವನದ್ದು, ನೀನೇ ಕೊಟ್ಟಿದ್ದು.

ಹೌದು, ಗೊತ್ತಿತ್ತು. ಮೊದಲ ಸಲ ಗೊತ್ತಾದಾಗ ಬೇಡ ಅಂದೆ. ಅವನು ನಕ್ಕುಬಿಟ್ಟ. ಎರಡನೇ ಸಲ ಹೇಳಿದ್ದಕ್ಕೆ ಎರಡು ದಿನ ಮನೆಗೆ ಬರ್ಲಿಲ್ಲ. ಮೂರನೇ ಸಲ ನಾನು ಹೇಳ್ಲಿಲ್ಲ. ಬಿಟ್ಟು ಹೋಗ್ತಾನೆ ಅನ್ನೋ ಭಯ ಏನು ಅಂತ ನಿಂಗೇನು ಗೊತ್ತು? ಬಿಟ್ಟು ಹೋಗೋಕೆ ನಿಂಗೆ ಯಾರಿದ್ರು?

ಒಂದು ಹಕ್ಕಿ ಅಕ್ಕಾ! ಒಂದು ಹಕ್ಕಿಗೋಸ್ಕರ ಒಡಹುಟ್ಟಿದವಳನ್ನ ಬಿಡ್ತೀಯಾ?

ಕೋರಾ


ಸ್ಕೆಲ್ಬೆಕ್ ಸೇತುವೆ
20 ಜುಲೈ 1986

ಕೋರಾ,

ಹಕ್ಕಿಗೋಸ್ಕರ ಅಲ್ಲ.

ಲೆನ್ ಮಾಡಿದ್ದು ಲೆನ್ ಮಾಡಿದ್ದು. ಅವನು ನನಗೆ ಯಾರೂ ಅಲ್ಲ, ನನಗೆ ಯಾವ ಮಾತೂ ಕೊಟ್ಟಿರಲಿಲ್ಲ. ನೀನು ಅವನನ್ನು ತಡೆಯಲಾರದೆ ಹೋದದ್ದು ಕೂಡ ನನಗೆ ಅರ್ಥವಾಗುತ್ತದೆ. ನೀನು ಚಿಕ್ಕವಳಿದ್ದಾಗಲೂ ಜೋರು ಮಾಡಿದವರ ಕಡೆಗೇ ಹೋಗಿ ನಿಲ್ಲುತ್ತಿದ್ದೆ. ಮಾರ್ಚ್‌ನಲ್ಲಿ ನನ್ನಾಣೆ ಹಾಕಿ ಸುಳ್ಳು ಬರೆದೆಯಲ್ಲ, ಅದನ್ನೂ ಭಯ ಅಂತ ಒಪ್ಪಿಕೊಳ್ಳಲು ಪ್ರಯತ್ನಪಟ್ಟೆ.

ಏಪ್ರಿಲ್‌ನ ಪತ್ರ ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಆಗ ಎಲ್ಲವೂ ಆಗಿಹೋಗಿತ್ತು. ನಾನು ಸೊಂಟದ ತನಕ ತೊಯ್ದು, ಊರವರ ಕಣ್ಣಲ್ಲಿ ಕೀಳಾಗಿ, ನನ್ನ ಕೈಯನ್ನೇ ಶಪಿಸುತ್ತಾ, ಏನಾದರೂ ನಡೆದಿತ್ತಾ ಅಂತ ಕೇಳಿದೆ. ಗೊತ್ತಿದ್ದ ನೀನು ನನ್ನನ್ನು ಸಮಾಧಾನ ಮಾಡಿದೆ. ನಿನ್ನ ತಪ್ಪಿಲ್ಲ ಅಕ್ಕಾ ಅಂತ ನನಗೆ ನೀನು ಕ್ಷಮೆ ಕೊಟ್ಟೆ! ಅದನ್ನು ನಾನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ನೆಟಲ್‌ಗೆ ಸೂಜಿ ಕೊಡಿಸಿದ್ದಿದ್ದರೆ? ಆಗಲೂ ಹೀಗೇ ಚಂದದ ಇನ್ನೊಂದು ಪತ್ರ ಬರೆಯುತ್ತಿದ್ದೆಯಾ? ಕೊನೆಗೆ ಅವನಿಗೆ ಬೇಕಾಗಿದ್ದ ನಾಯಿಯನ್ನು ನನ್ನ ಕೈಯಿಂದಲೇ, ಉಪಕಾರ ಅಂತ ಹೇಳಿಸಿಕೊಂಡು, ತೆಗೆದುಕೊಂಡಿರಿ.

ನೆಟಲ್ ಬಾಯಿಗೆ ಕುಕ್ಕೆ ಹಾಕಿದ್ದೇನೆ, ಎರಡು ಹಗ್ಗ, ಒಂದು ನನ್ನ ಸೊಂಟಕ್ಕೆ. ಮೊದಲಿನಿಂದ ಶುರು ಮಾಡಿದ್ದೇವೆ. ನೀರುಕೋಳಿ ಕಂಡರೆ ಈಗಲೂ ನಡುಗುತ್ತಾಳೆ. ಆಮೇಲೆ ನನ್ನ ಕಡೆ ನೋಡಿ, ತಾನೇನೋ ತಪ್ಪು ಮಾಡಿದೆ ಅನ್ನುವ ಹಾಗೆ ತಲೆ ತಗ್ಗಿಸುತ್ತಾಳೆ. ಇಬ್ಬರು ಎರಡು ಥರ ಕಲಿಸಿದರೆ ಪಾಪ ಅದೇನು ಮಾಡುತ್ತದೆ.

ನೀನು ಕೇಳಿದೆ, ಬಿಟ್ಟು ಹೋಗಲು ನನಗೆ ಯಾರಿದ್ದರು ಅಂತ. ಒಬ್ಬಳಿದ್ದಳು.

ಆಗ್ನೆಸ್


ಲೀಡ್ಸ್
12 ಅಕ್ಟೋಬರ್ 1986

ಅಕ್ಕಾ,

ಮೂರು ತಿಂಗಳಿಂದ ಬರೆದೂ ಬರೆದೂ ಹರಿದು ಹಾಕ್ತಿದ್ದೀನಿ. ಹೇಗಿದ್ದೀಯ? ಚಳಿ ಶುರುವಾಯ್ತು, ಕೈ ನೋಯುತ್ತಾ?

ಲೆನ್ ಬೇರೆ ನಾಯಿ ತಂದ. ಮನೇಲಿ ದೀಪ ಹತ್ತಿರೋದಿಲ್ಲ ಈಗೀಗ, ಅವನು ಬರೋದು ತಡ. ಅದಿರಲಿ.

ನಾನು ಅಲ್ಲಿಗೆ ಬರ್ಲಾ? ಒಂದು ದಿನಕ್ಕೆ. ನೀನು ಬೈ, ಎರಡೇಟು ಹೊಡಿ. ನಿನ್ನ ದೋಣಿ ಒಲೆ ಮುಂದೆ ಕೂತು ಬೆಣ್ಣೆ ಹಚ್ಚಿದ ಬ್ರೆಡ್ಡು ತಿನ್ಬೇಕು ಅನ್ನಿಸ್ತಿದೆ.

ಕೋರಾ


ಸ್ಕೆಲ್ಬೆಕ್ ಸೇತುವೆ
26 ಅಕ್ಟೋಬರ್ 1986

ಕೋರಾ,

ಬಾ. ಹೊಡೆಯುವುದಿಲ್ಲ, ಬೈಯುವುದೂ ಇಲ್ಲ.

ಒಂದು ಕೆಲಸ ಇದೆ. ಥ್ವೇಟ್ ಅವರಿಗೆ ನಾನು ಏನೂ ಹೇಳಿಲ್ಲ. ಆಗ್ನೆಸ್ ನಾಯಿಯನ್ನು ಸರಿಯಾಗಿ ಹಿಡಿಯಲಿಲ್ಲ, ಅದಕ್ಕೆ ಹಂಸ ಸತ್ತಿತು ಅಂತಲೇ ಅವರು ತಿಳಿದಿದ್ದಾರೆ. ಈ ದಂಡೆಯವರೆಲ್ಲ ಹಾಗೇ ತಿಳಿದಿದ್ದಾರೆ. ನಾನು ಹೇಳಬಹುದಿತ್ತು. ಹೇಳಿದರೆ ತಂಗಿಯ ಮೇಲೆ ಎತ್ತಿಹಾಕಿದ ಹಾಗೆ ಕೇಳಿಸುತ್ತದೆ. ಅದು ನಿನ್ನ ಬಾಯಿಂದ ಬರಬೇಕು. ಲೆನ್ ಹೆಸರು ಹೇಳು, ಬಿಡು, ನಿನ್ನಿಷ್ಟ. ಈ ನಾಯಿಗೆ ಕೊಲ್ಲುವುದನ್ನು ನಮ್ಮ ಮನೆಯಲ್ಲಿ ಕಲಿಸಿದೆವು, ಅಕ್ಕನಿಗೆ ತಿಳಿಸದೆ ವಾಪಸ್ಸು ಕಳಿಸಿದೆವು ಅಂತ ಎರಡು ಮಾತು ಸಾಕು. ಮುದುಕ ಏನೂ ಅನ್ನುವುದಿಲ್ಲ, ನನಗೆ ಗೊತ್ತು. ಆಮೇಲೆ ದೋಣಿಗೆ ಬಾ, ಬ್ರೆಡ್ಡು ಸುಟ್ಟಿಟ್ಟಿರುತ್ತೇನೆ.

ಅದು ಆಗುವುದಿಲ್ಲ ಅನ್ನಿಸಿದರೆ ಬರಬೇಡ.

ಆಗ್ನೆಸ್


ಲೀಡ್ಸ್
9 ನವೆಂಬರ್ 1986

ಅಕ್ಕಾ,

ಹೇಳ್ತೀನಿ. ಬರೋ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಅವರಿಗೆ ಏನು ತಂದ್ರೆ ಇಷ್ಟ? ಶುಂಠಿ ಕೇಕ್ ತರ್ಲಾ?

ಕೋರಾ


ಸ್ಕೆಲ್ಬೆಕ್ ಸೇತುವೆ
16 ನವೆಂಬರ್ 1986

ಕೋರಾ,

ನಿನ್ನೆ ನಿನ್ನನ್ನು ನೋಡಿದೆ.

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ನೀನು ಕಂದು ಕೋಟು ಹಾಕಿಕೊಂಡು, ಕೇಕಿನ ಪೊಟ್ಟಣ ಎದೆಗವಚಿಕೊಂಡು ಸೇತುವೆಯ ಮೇಲೆ ನಿಂತೆ. ನಾನು ನೆಟಲ್ ಜೊತೆ ಕೆಳಗೆ ದಂಡೆಯ ಮೇಲಿದ್ದೆ, ವಿಲೋ ಮರದ ಪಕ್ಕ. ನನ್ನನ್ನು ನೀನು ಕಂಡೆಯೋ ಇಲ್ಲವೋ ಗೊತ್ತಿಲ್ಲ. ನೀನು ಥ್ವೇಟ್ ಅವರ ದೋಣಿಯನ್ನು ಮಾತ್ರ ನೋಡುತ್ತಿದ್ದೆ. ಅವರು ಹೊರಗೆ ಬಂದು ಮೆಟ್ಟಿಲ ಮೇಲಿನ ಎಲೆ ಗುಡಿಸುತ್ತಿದ್ದರು. ನೀನು ಬರುತ್ತೀಯ ಅಂತ.

ಹಾಗೆ ಹೇಳಿಟ್ಟಿದ್ದೆ ನಾನು. ಏಪ್ರಿಲ್ ಆದ ಮೇಲೆ ಮೊದಲ ಸಲ ಅವರ ಬಾಗಿಲು ತಟ್ಟಿ, "ಶನಿವಾರ ನನ್ನ ತಂಗಿ ಬರ್ತಾಳೆ, ನಿಮ್ಮ ಹತ್ರ ಏನೋ ಮಾತಾಡ್ಬೇಕಂತೆ" ಅಂದಿದ್ದೆ. ಮುದುಕನ ಮುಖ ಅರಳಿತು. ಅವರಿಗೆ ಬಂದು ಮಾತಾಡುವವರು ಯಾರಿದ್ದಾರೆ? ಎಡಿತ್‌ಳ ಹೂವಿನ ಚಿತ್ತಾರದ ಚಹಾ ಬಟ್ಟಲುಗಳನ್ನು ಕೆಳಗಿಳಿಸಿ ತೊಳೆದಿಟ್ಟಿದ್ದರು.

ನೀನು ಎಷ್ಟು ಹೊತ್ತು ನಿಂತಿದ್ದೆ! ನೆಟಲ್ ನಿನ್ನನ್ನು ಗುರುತು ಹಿಡಿದು ಕುಕ್ಕೆಯೊಳಗಿಂದಲೇ ಕುಂಯ್‌ಗುಟ್ಟಿದಳು. ನಾನು ಕೂಗಲಿಲ್ಲ. ಕೂಗಿದ್ದರೆ ನೀನು ಬಂದುಬಿಡುತ್ತಿದ್ದೆ, ನನಗೋಸ್ಕರ ಬರುತ್ತಿದ್ದೆ. ಅದು ನನಗೆ ಬೇಕಿರಲಿಲ್ಲ. ಆಮೇಲೆ ನೀನು ಕೇಕಿನ ಪೊಟ್ಟಣವನ್ನು ಸೇತುವೆಯ ಕಟ್ಟೆಯ ಮೇಲಿಟ್ಟು, ಬಸ್ಸು ನಿಲ್ಲುವ ಕಡೆ ತಿರುಗಿ ನಡೆದೆ. ವಾಪಸ್ಸು ಬಸ್ಸಿಗೆ ತುಂಬಾ ಹೊತ್ತಿತ್ತು. ಆಮೇಲೆ ಹಿಡಿದ ಮಳೆಯಲ್ಲಿ ನೀನು ಅಲ್ಲೇ ನಿಂತಿದ್ದೆ ಅಂತ ಕಾಣುತ್ತದೆ. ನಾನು ಮೇಲೆ ಹತ್ತಿ ಬಂದು ನೋಡಲಿಲ್ಲ.

ಕತ್ತಲಾಗುತ್ತಾ ಬಂದಾಗ ಥ್ವೇಟ್ ನನ್ನ ದೋಣಿಯ ಹತ್ತಿರ ಬಂದರು. ತೊಳೆದ ಅಂಗಿ, ಟೈ ಕಟ್ಟಿದ್ದರು.

"ತಂಗಿ ಬರ್ಲಿಲ್ವೇನಮ್ಮಾ?"

ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಏಳು ತಿಂಗಳು ಹೊತ್ತದ್ದನ್ನೆಲ್ಲ ಅವರ ಕಾಲ ಬುಡದಲ್ಲಿ ಸುರಿದುಬಿಡಬಹುದಿತ್ತು. ಅವರೇ ಬಂದು ಕೇಳುತ್ತಿದ್ದರು.

"ಬಸ್ಸು ತಪ್ಪಿರ್ಬೇಕು" ಅಂದೆ.

"ಪಾಪ" ಅಂದರು. "ಇನ್ನೊಂದು ಸಲ ಬರ್ಲಿ ಬಿಡು." ನೆಟಲ್‌ಳ ತಲೆ ಸವರಬೇಕು ಅಂತ ಕೈ ಮುಂದೆ ತಂದು, ಹಿಂದಕ್ಕೆ ತೆಗೆದುಕೊಂಡು, ಹೊರಟುಹೋದರು.

ಕೋರಾ, ನಿನಗೋಸ್ಕರ ನಾನು ಹೇಳಿದ ಮೊದಲ ಸುಳ್ಳು ಅದು. ಇನ್ನೊಂದು ಹೇಳುವುದಿಲ್ಲ.

ಆಗ್ನೆಸ್